ಐವತ್ತರ ಬಟ್ಟು

ಎಲ್ಬಿಯೊ ಮಾವನ ಬಲಗಣ್ಣು ಮಂಜಾದ ವರ್ಷ
ಇಲಾಖೆ ವ್ಯಾನು ಕೊಟ್ಟಿತು, ಡ್ರೈವರನ್ನು ಕೊಡಲಿಲ್ಲ.
ಹಾಗಾಗಿ ನಾನು.
ಹಿಂದೆ ಮರದ ಪೆಟ್ಟಿಗೆ; ನೀಲಿ ಮಖಮಲ್ಲಿನ ಗುಳಿಗಳಲ್ಲಿ
ಹಿತ್ತಾಳೆಯ ತೂಕದ ಬಟ್ಟುಗಳು, ಐನೂರರಿಂದ ಒಂದು ಗ್ರಾಮಿನವರೆಗೆ,
ಫೋಟೋಗೆ ನಿಂತ ಮನೆಮಂದಿಯ ಹಾಗೆ.
ಉರುಗ್ವೆಯ ಉತ್ತರಕ್ಕೆ, ಹುಲ್ಲು, ಬೇಲಿ, ಮತ್ತೆ ಹುಲ್ಲು,
ಅಂಗಡಿ ಅಂಗಡಿಯ ತಕ್ಕಡಿ ನೋಡುತ್ತ ಹೊರಟೆವು.
ತೂಕ ನೋಡುವ ಮಾವನಿಗೆ
ಗಾಡಿ ಹತ್ತಿದೊಡನೆ ತೂಕಡಿಕೆ.

ಪಾಸೊ ದೆಲ್ ಸಪಾತೊ ಎಂಬ ಊರಲ್ಲಿ
ಹೊಳೆ ದಾಟುವಾಗ ಯಾವನೋ ಜನರಲ್ಲು ಬಿಟ್ಟುಹೋದ ಬೂಟಿದೆ,
ಗಾಜಿನ ಪೆಟ್ಟಿಗೆಯಲ್ಲಿ, ವಾರಕ್ಕೊಮ್ಮೆ ಪಾಲಿಶ್.
ಆಚೆ ದಡದ ಊರಲ್ಲೂ ಒಂದಿದೆ, ಅದರ ಜೋಡಿಯಂತೆ.
ಎರಡೂ ಎಡಗಾಲಿನವು.
ಆ ಊರಲ್ಲಿ ಈ ಮಾತೆತ್ತಬೇಡಿ ಎಂದು
ಎರಡೂ ಊರಿನವರು ನಮ್ಮ ಕಿವಿಯಲ್ಲಿ ಪಿಸುಗುಟ್ಟಿದರು.

ಸಾಂತಾ ರೂಫೀನಾದಲ್ಲಿ ಕಟುಕ ವಾಲ್ದೆಮಾರನ ತಕ್ಕಡಿ
ಕಿಲೋಗೆ ಮೂವತ್ತು ಗ್ರಾಂ ಹೆಚ್ಚು ಕೊಡುತ್ತಿತ್ತು.
ಮಾವ ಮೂರು ಸಲ ತೂಗಿದ. ಕನ್ನಡಕ ಒರೆಸಿ ಮತ್ತೊಮ್ಮೆ.
"ನಮ್ಮಜ್ಜನ ಹೆಬ್ಬೆರಳು ಭಾರ," ಅಂದ ವಾಲ್ದೆಮಾರ್,
"ನಲವತ್ತು ವರ್ಷ ತಟ್ಟೆಯ ಅಂಚಿನಲ್ಲೇ ಕೂತಿತ್ತು.
ಅಪ್ಪ ಒಂದಿಷ್ಟು ತೀರಿಸಿದ. ಉಳಿದದ್ದು ನನ್ನ ಪಾಲು."
ಸತ್ತವರ ಬಾಕಿಯನ್ನು ಇದ್ದವರಿಗೆ ಕೊಟ್ಟರೆ
ಜಮೆಯಾಗುತ್ತದೆಯೇ ಎಂದು ಮಾವ ಕೇಳಲಿಲ್ಲ.
ಹೆಚ್ಚು ಕೊಡುವುದೂ ಕಾನೂನಿನಲ್ಲಿ ತಪ್ಪೇ.
"ಇನ್ನೆಷ್ಟು ವರ್ಷ?"
"ಹನ್ನೊಂದು."
ಪುಸ್ತಕದಲ್ಲಿ ಬರೆದ: ಹನ್ನೊಂದು ವರ್ಷ ಬಿಟ್ಟು ಮರುಪರೀಕ್ಷೆ.
ಅಷ್ಟು ಹೊತ್ತಿಗೆ ಮಾವ ನಿವೃತ್ತನಾಗಿ ಎಂಟು ವರ್ಷ.

ದಾರಿಯಲ್ಲಿ ನ್ಯಾಂಡು ಹಕ್ಕಿಯೊಂದು ಬೇಲಿಯಾಚೆ
ನಮ್ಮ ಜೊತೆ ಪಂದ್ಯ ಕಟ್ಟಿತು;
ಮೂರನೇ ಗೇರಿನಲ್ಲಿ ಸೋತೆವು.
ಸೋರೆಬುರುಡೆಯ ಕಹಿ ಕಷಾಯ ನಕಾಶೆಯ ಮೇಲೆ ಚೆಲ್ಲಿ
ಇಲ್ಲದ ಕೆರೆಯೊಂದು ಹುಟ್ಟಿತು.
ಮಾವ ಎಚ್ಚೆತ್ತು ನೋಡಿ,
"ಬಳಸಿಕೊಂಡು ಹೋಗು," ಎಂದು ಮತ್ತೆ ಮಲಗಿದ.

ಆಮೇಲೆ ನಾನು ಹೆಸರು ಮರೆತ ಊರು.
ಆರು ಬೀದಿ, ಒಂದು ಸಿನಿಮಾ ಮಂದಿರ,
ಯಂತ್ರ ಕೆಟ್ಟು ಹದಿನೈದು ವರ್ಷ.
ಆದರೂ ಶನಿವಾರ ಸಂಜೆ ಊರು ಬಂದು ಒಳಗೆ ಕೂರುತ್ತದೆ.
ಕುರ್ಚಿಗಳು ಚೆನ್ನಾಗಿವೆಯಲ್ಲ, ಅಂದಳು ಸುಲ್ಮಾ,
ಟಾರ್ಚು ಬಿಟ್ಟು ನಮ್ಮ ಸಾಲು ತೋರಿಸುತ್ತ.
ಬಿಳಿ ಪರದೆಯ ಮುಂದೆ ಜನ ಬಟಾಣಿ ಸುಲಿದರು,
ಯಾರದೋ ಮದುವೆ ಅರ್ಧ ಗೊತ್ತಾಯಿತು,
ಉಳಿದರ್ಧ ಹಿಂದಿನ ಸಾಲಿನವರು ತಗ್ಗಿದ ದನಿಯಲ್ಲಿ ಮುಗಿಸಿದರು.
ಒಂಬತ್ತೂವರೆಗೆ ಎಲ್ಲರೂ ಎದ್ದು
ಸಿನಿಮಾ ಮುಗಿದವರ ಮುಖ ಹೊತ್ತು
ಕಣ್ಣುಜ್ಜುತ್ತ ಹೊರಬಂದರು.

ಬೆಳಗ್ಗೆ ಚೌಕದಲ್ಲಿ ಸಾಲು. ನಿಜವಾದ ತೂಕ ಬಂದಿದೆಯಂತೆ!
ಕುಂಬಳಕಾಯಿ. ಹುಂಜ.
(ಕಪ್ಪೆಯನ್ನಾದರೂ ತೂಗಬಹುದು, ಹುಂಜವನ್ನಲ್ಲ.)
ನೀಬಿಯಾ ಎಂಬಾಕೆ ಮದುವೆಯುಂಗುರ ಬಿಚ್ಚಿ ಇಟ್ಟಳು,
ಗಂಡ ಹೇಳಿದ್ದಕ್ಕಿಂತ ಹಗುರ.
"ಗೊತ್ತಿತ್ತು," ಎಂದು ನಕ್ಕು
ಸೋಪು ಹಚ್ಚಿ ಮತ್ತೆ ತೊಟ್ಟುಕೊಂಡಳು.
ಒಬ್ಬ ಹುಡುಗ ಏನನ್ನೂ ತಂದಿರಲಿಲ್ಲ.
ಐವತ್ತರ ಬಟ್ಟಿನಲ್ಲಿ ತನ್ನ ಮೂಗು ಉದ್ದವಾಗುವುದನ್ನು
ನೋಡುತ್ತ ನಿಂತಿದ್ದ.

ತೊಂಬತ್ತು ಕಿಲೋಮೀಟರ್ ಆದ ಮೇಲೆ
ನೀಲಗಿರಿ ಮರದಡಿ ಪೆಟ್ಟಿಗೆ ತೆರೆದರೆ
ಐವತ್ತರ ಗುಳಿಯಲ್ಲಿ ಒಂದು ಮೊಟ್ಟೆ.
ಬೇಯಿಸಿದ್ದು. ಮಖಮಲ್ಲಿಗೆ ಹೇಳಿ ಮಾಡಿಸಿದ ಹಾಗೆ ಕೂತಿತ್ತು.

ಮಾವ ಬೈಯಲಿಲ್ಲ. ಕೈತಕ್ಕಡಿ ತೆಗೆದ.
ಇಪ್ಪತ್ತು, ಇಪ್ಪತ್ತು, ಹತ್ತು,
ಎರಡು, ಎರಡು.
"ನಾಲ್ಕು ಗ್ರಾಂ ಹೆಚ್ಚೇ ಕೊಟ್ಟಿದ್ದಾನೆ ಕಳ್ಳ."
ಸಿಪ್ಪೆ ಬಿಡಿಸಿ, ಚಾಕುವಿನಿಂದ
ಮಂಜುಗಣ್ಣಿನ ಅಂದಾಜಿನಲ್ಲಿ ಸೀಳಿದ.
ದೊಡ್ಡ ಹೋಳು ನನ್ನ ಕಡೆಗೆ ಬಂತು.
ಉಪ್ಪಿರಲಿಲ್ಲ.